ಹೆಣ ರೋಗಿಯಲ್ಲ

“ಬೆಲ್ಟ್ ಯಾಕೋ ಕಟ್ತಿದ್ದೀಯ?” ಎಂದು ಉದ್ದನೆಯ ಡ್ರೈವರ್ ಕೇಳಿದ ಮೇಲೇ ಕುಳ್ಳನಿಗೆ ತನ್ನ ಕೈ ಏನು ಮಾಡುತ್ತಿದೆ ಎಂದು ಗೊತ್ತಾದದ್ದು. ಹಲಗೆ ಸಮೇತ ಆಂಬ್ಯುಲೆನ್ಸಿನೊಳಗೆ ಮಲಗಿಸಿದ್ದ ಯಜಮಾನರ ಎದೆಯ ಮೇಲೆ ಒಂದು ಪಟ್ಟಿ ಬಿಗಿದು, ತೊಡೆಯ ಮೇಲಿನದಕ್ಕೆ ಕೈ ಹಾಕಿದ್ದ. ಅರ್ಧ ಆಯಸ್ಸು ಈ ಗಾಡಿ ಓಡಿಸಿದವನ ಕೈ. ಮಲಗಿದವರಿಗೆ ಉಸಿರಿದೆಯೋ ಇಲ್ಲವೋ ಎಂದು ಅದು ಯಾವತ್ತೂ ಕೇಳಿದ್ದಿಲ್ಲ. ನಾಚಿಕೊಂಡು ಬಿಚ್ಚಲು ಹೋದ. ಹಿಂಬಾಗಿಲಲ್ಲಿ ನಿಂತಿದ್ದ ಯಜಮಾನರ ಹೆಂಡತಿ, “ಇರ್ಲಿ ಬಿಡು, ತಿರುವಲ್ಲಿ ಜಾರ್ತಾರೆ,” ಎಂದಳು.

ಬೆಳಿಗ್ಗೆಯಿಂದ ನಡೆದದ್ದೆಲ್ಲ ಈ ಗಾಡಿಯದೇ ವಾದ. ಅದನ್ನು ರಸ್ತೆಗಿಳಿಸಿದರೆ ಕೋರ್ಟಿನ ಆದೇಶ ಮೀರಿದಂತಾಗುತ್ತದೋ ಏನೋ. ಸ್ವಂತ ಗಾಡಿ, ಸ್ವಂತ ಮನೆಯ ಹೆಣ, ಆದರೂ ವಕೀಲರನ್ನು ಕೇಳಬೇಕು. ವಕೀಲರು ಕನ್ನಡಕ ಒರೆಸಿಕೊಂಡು, ಆದೇಶದಲ್ಲಿರುವುದು ರೋಗಿಗಳನ್ನು ಸಾಗಿಸಬಾರದು ಎಂದು ಮಾತ್ರ ಎಂದರು. “ಹೆಣ ರೋಗಿಯಲ್ಲಮ್ಮ. ತಗೊಂಡು ಹೋಗಬಹುದು.”

ಇಂಥ ನ್ಯಾಯಕ್ಕೆ ಬೆಂಕಿ ಬೀಳಲಿ ಎಂದು ಅವಳು ಗಟ್ಟಿಯಾಗಿಯೇ ಅಂದಳು. ವಕೀಲರು ಕೇಳಿಸದವರಂತೆ ಚಪ್ಪಲಿ ಹುಡುಕಿದರು.

*

ಯಜಮಾನರ ಆರು ಗಾಡಿಗಳೂ ಒಂದೇ ಕಡೆ ನಿಂತದ್ದನ್ನು ಯಾರೂ ಕಂಡಿಲ್ಲ. ಒಂದು ಕುಳ್ಳನ ಮನೆ ಮುಂದೆ, ಒಂದು ಮಾರ್ಕೆಟ್ಟಿನ ಹಿಂದೆ, ಒಂದು ಕಾರ್ಖಾನೆಯ ಗೋಡೆ ಬಳಿ. ಡ್ರೈವರ್ ಎಲ್ಲಿ ಮಲಗುತ್ತಾನೋ ಗಾಡಿಯೂ ಅಲ್ಲೇ, ಮೂತಿ ರಸ್ತೆಯ ಕಡೆಗೆ. ನೀವು ರಿವರ್ಸ್ ತೆಗೆಯುವಷ್ಟರಲ್ಲಿ ಒಂದು ಜೀವ ಹೋಗುತ್ತದೆ ಕಣ್ರೋ ಎಂದು ಬೈಯುತ್ತಿದ್ದರು. ಫೋನು ಎತ್ತಿದರೆ ಹಲೋ ಎನ್ನುತ್ತಿರಲಿಲ್ಲ. “ಎಲ್ಲಿದೀರಿ?” ಅದೇ ಮೊದಲ ಮಾತು. ಹಲೋ ಅಂದರೆ ಜನ ಅಳುವುದಕ್ಕೆ ಶುರುಮಾಡುತ್ತಾರೆ, ಎಲ್ಲಿದೀರಿ ಅಂದರೆ ಜಾಗ ಹೇಳುತ್ತಾರೆ ಎಂಬುದು ಅವರ ಲೆಕ್ಕ. ತವರಿಗೆ ಹೋಗಿದ್ದ ಹೆಂಡತಿ ಫೋನು ಮಾಡಿದಾಗಲೂ ಹಾಗೇ ಕೇಳಿ ಉಗಿಸಿಕೊಂಡಿದ್ದರು.

ಸರ್ಕಾರಿ ಆಸ್ಪತ್ರೆಯ ರೋಗಿಗಳನ್ನು ಸಾಗಿಸುವ ಗುತ್ತಿಗೆ ವರ್ಷಗಳಿಂದ ಅವರದೇ ಆಗಿತ್ತು. ಹೊಸ ಟೆಂಡರಿನಲ್ಲಿ, ಗಾಡಿಗಳೆಲ್ಲ ಒಂದೇ ಸುಸಜ್ಜಿತ ನಿಲ್ದಾಣದಲ್ಲಿರಬೇಕು ಎಂದು ಯಾವನೋ ಪುಣ್ಯಾತ್ಮ ಬರೆದ. ಅಂಕಗಳೆಲ್ಲ ಅದಕ್ಕೇ. ಯಜಮಾನರಿಗೆ ಸೊನ್ನೆ, ರೈಲ್ವೆ ಗೇಟಿನಾಚೆ ಹೊಳೆಯುವ ಶೆಡ್ಡು ಕಟ್ಟಿಸಿದ್ದ ಕಂಪನಿಗೆ ಗುತ್ತಿಗೆ. ಗೇಟು ಹಾಕಿದಾಗ ಗಾಡಿ ಹೇಗೆ ಬರುತ್ತದೆ ಎಂದು ಟೆಂಡರ್ ಕಮಿಟಿಯವರನ್ನು ಕೇಳಿದರು. ಅದಕ್ಕೆ ಅಂಕ ಇಟ್ಟಿಲ್ಲ ಎಂದರು ಅವರು, ನಗದೆ.

ಯಜಮಾನರು ಕೋರ್ಟಿಗೆ ಹೋದರು. ತೀರ್ಪು ಬರುವ ತನಕ ಕಂಪನಿಯೇ ಓಡಿಸಲಿ, ಇವರ ಗಾಡಿಗಳು ರೋಗಿಗಳನ್ನು ಒಯ್ಯಬಾರದು ಎಂದು ಆದೇಶವಾಯಿತು. ಒಂದೇ ಒಂದು ಟ್ರಿಪ್ಪು ಹೊಡೆದರೂ ಕೇಸು ಮುಗಿದಂತೆ ಎಂದು ವಕೀಲರು ಎಚ್ಚರಿಸಿದ್ದರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರೆ. ಇವರು ತೀರ್ಪಿನವರೆಗೂ ಕಾಯಬೇಕಾಗಲಿಲ್ಲ.

*

ಸ್ಮಶಾನ ದೂರವಿರಲಿಲ್ಲ. ಗಾಡಿ ಆಮೆಯಂತೆ ಮುಂದೆ, ಜನ ಹಿಂದೆ. ಬಟ್ಟೆ ಅಂಗಡಿಯ ತಿರುವಿನಲ್ಲಿ ಕಂಪನಿಯ ಮ್ಯಾನೇಜರ್ ಕಾರಿನಿಂದಿಳಿದು ಹೂವಿನ ದೊಡ್ಡ ಚಕ್ರವೊಂದನ್ನು ಹಿಡಿದು ಸೇರಿಕೊಂಡ. ಆಗಬಾರದ್ದು ಆಯಿತು ಎಂದ. ನಾಳೆಯ ವಿಚಾರಣೆಯಲ್ಲಿ ಅರ್ಜಿ ವಾಪಸ್ ತೆಗೆದುಕೊಂಡರೆ ಆರೂ ಡ್ರೈವರುಗಳಿಗೆ ಕಂಪನಿಯಲ್ಲಿ ಕೆಲಸ ಕೊಡಿಸುವುದಾಗಿಯೂ ಹೇಳಿದ. ಅದನ್ನಾದರೂ ಮಣ್ಣು ಮುಗಿದ ಮೇಲೆ ಹೇಳಬಹುದಿತ್ತು.

“ಮೊನ್ನೆ ನಮ್ಮ ಗಾಡಿ ತಡ ಆಗಿದ್ದು ನಮ್ಮ ತಪ್ಪಲ್ಲ ಮೇಡಂ. ರೈಲ್ವೆ ಗೇಟ್ ಹಾಕಿತ್ತು.”

“ಇವರು ಕೋರ್ಟಲ್ಲಿ ಹೇಳಿದ್ದೂ ಅದನ್ನೇ ಅಲ್ವಾ?” ಎಂದಳು ಅವಳು.

*

ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತ ಯಜಮಾನರು ಎದೆ ಹಿಡಿದುಕೊಂಡರು. ಎದುರುಮನೆಯ ಕುಳ್ಳ ಗಾಡಿ ಸ್ಟಾರ್ಟ್ ಮಾಡಿ ಹಿಂಬಾಗಿಲು ತೆರೆದೇಬಿಟ್ಟ. ಬಾಗಿಲ ತನಕ ಬಂದ ಯಜಮಾನರು ಹೊಸ್ತಿಲ ಮೇಲೆ ಕೂತು ಚೌಕಟ್ಟು ಹಿಡಿದುಕೊಂಡರು.

“ಆಫ್ ಮಾಡೋ. ನಾನೂ ರೋಗೀನೇ.”

ಪ್ರಾಣಕ್ಕಿಂತ ಕೇಸು ದೊಡ್ಡದಾ ಎಂದು ಹೆಂಡತಿ ಕಿರುಚಿದಳು. ಆರು ಮನೆ ಒಲೆ ಕಣೇ ಎಂದರು ಅವರು. ಬಾಡಿಗೆ ಕಾರು ಹುಡುಕಲು ಓಡಿದ ಪಕ್ಕದ ಮನೆಯವನು ಬರಿಗೈಯಲ್ಲಿ ಬಂದ. ಕಂಪನಿಗೆ ಫೋನು ಮಾಡಿದರೆ, ದಯವಿಟ್ಟು ಕಾಯಿರಿ ಎಂದು ಒಂದು ಹೆಣ್ಣುದನಿ ಸಕ್ಕರೆ ಬೆರೆಸಿ ಹೇಳಿದ್ದನ್ನೇ ಹೇಳುತ್ತಿತ್ತು. ಕೊನೆಗೆ ಕಂಪನಿಯ ಗಾಡಿ ಬಂದು ನಿಂತಾಗ ಹಿಡಿದ ಚೌಕಟ್ಟಿನಿಂದ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಅಂದಿನಿಂದ ಅವಳು ಅತ್ತಿಲ್ಲ. ಹಠಮಾರಿ ಗಂಡನ ಮೇಲಿನ ಸಿಟ್ಟು ಅಳುವಿಗೆ ದಾರಿಯನ್ನೇ ಬಿಡುತ್ತಿರಲಿಲ್ಲ.

*

ಸ್ಮಶಾನದ ರಸ್ತೆಗೆ ಹೊರಳುವಾಗ ಅವಳ ಚೀಲದೊಳಗೆ ಯಜಮಾನರ ಫೋನು ಹೊಡೆದುಕೊಂಡಿತು. ಎತ್ತಿ ಹಲೋ ಎಂದಳು. ಇಸ್ತ್ರಿ ಅಂಗಡಿಯವನು. ಅಣ್ಣ ಇಲ್ವಾ ಎಂದು ಕೇಳಿ ಅಳತೊಡಗಿದ. ಅಣ್ಣ ಇಲ್ಲ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಮಗಳಿಗೆ ಹೆರಿಗೆ ನೋವು, ರಕ್ತ ನಿಲ್ಲುತ್ತಿಲ್ಲ, ಕಂಪನಿಯವರು ಗೇಟಿನ ಬಳಿ ಇದ್ದೇವೆ ಅನ್ನುತ್ತಲೇ ಇದ್ದಾರೆ. ಎಲ್ಲಿ ಎಂದು ಅವನ ಬಾಯಿಂದ ಹೊರಡಿಸುವುದೇ ಕಷ್ಟವಾಯಿತು. ನೀರಿನ ಟ್ಯಾಂಕಿನ ಹಿಂದೆ, ಎರಡು ಬೀದಿ ಆಚೆ.

ಅವಳು ಗಾಡಿಯ ಬೆನ್ನಿಗೆ ಬಡಿದಳು. ಕುಳ್ಳ ನಿಲ್ಲಿಸಿದ.

“ಇವರನ್ನ ಇಳಿಸಿ,” ಎಂದಳು.

ಇದಾದರೆ ನಾಳೆ ವಾದ ಮಾಡಲು ನನಗೇನೂ ಉಳಿಯುವುದಿಲ್ಲ ಎಂದು ವಕೀಲರು ತಗ್ಗಿದ ದನಿಯಲ್ಲಿ ಹೇಳಿದರು. ಯಜಮಾನರ ಅಕ್ಕ, ಆಸ್ಪತ್ರೆಯಲ್ಲಿ ದಾದಿಯಾಗಿ ನಿವೃತ್ತಳಾದವಳು, ಅವಳ ರಟ್ಟೆ ಹಿಡಿದಳು.

“ಅವನು ಪ್ರಾಣ ಕೊಟ್ಟಿದ್ದೇ ಈ ಕೇಸಿಗೆ. ಹೆಣ ಆರೋ ಮುಂಚೆ ಅದನ್ನೂ ಸಾಯಿಸ್ತೀಯಾ?”

“ಕೇಸು ಹಾಕಿದ್ದು ಯಾಕೆ ಅಕ್ಕಾ? ಗಾಡಿ ನಿಲ್ಲಿಸೋಕಾ?”

ಅಕ್ಕ ರಟ್ಟೆ ಬಿಟ್ಟಳು. ತಮ್ಮನ ಮುಖ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆಲ್ಟ್ ಬಿಚ್ಚೋ ಎಂದು ಕುಳ್ಳನಿಗೆ ಗದರಿದಳು. ಹಲಗೆ ಇಳಿದದ್ದೇ ತಾನು ಒಳಗೆ ಹತ್ತಿ ಕೂತಳು. ಎಷ್ಟೋ ತಿಂಗಳಿಂದ ಬಾಯಿ ಕಟ್ಟಿಕೊಂಡಿದ್ದ ಸೈರನ್ನು ಮೊದಲು ಕೆಮ್ಮಿ, ಆಮೇಲೆ ಊರಿಗೆಲ್ಲ ಕೇಳುವಂತೆ ಕೂಗಿಕೊಂಡು ಹೋಯಿತು.

ಮ್ಯಾನೇಜರ್ ಹೂವಿನ ಚಕ್ರವನ್ನು ವಿದ್ಯುತ್ ಕಂಬಕ್ಕೆ ಒರಗಿಸಿ ಮೊಬೈಲಿನಲ್ಲಿ ಗಾಡಿಯ ಫೋಟೋ ತೆಗೆಯುತ್ತಿದ್ದ. ವೈಯಕ್ತಿಕ ದ್ವೇಷ ಏನಿಲ್ಲ ಮೇಡಂ, ತಿಳಿಸಬೇಕಾಗುತ್ತೆ ಎಂದ.

“ನನ್ನನ್ನೂ ತೆಗೀರಿ. ಹೇಳಿ ಕಳಿಸಿದ್ದು ನಾನೇ.”

ಅವನು ಮೊಬೈಲು ಇಳಿಸಿದ. ಹಲಗೆಯ ಮೂರು ಮೂಲೆಗೆ ಮೂವರು ಡ್ರೈವರುಗಳು ಹೆಗಲು ಕೊಟ್ಟಾಗಿತ್ತು. ಇನ್ನಿಬ್ಬರು ಡ್ರೈವರುಗಳೂ ಪಕ್ಕದ ಮನೆಯವರೂ ಮಣ್ಣಿನ ಏರ್ಪಾಡಿಗೆ ಮುಂಚೆಯೇ ಸ್ಮಶಾನಕ್ಕೆ ಹೋಗಿದ್ದರು, ಹಿಂದೆ ಬಂದವರಲ್ಲಿ ಉಳಿದವರು ಹೆಂಗಸರು, ಮುದುಕರು. ವಕೀಲರ ಸೊಂಟ ಬಗ್ಗುತ್ತಿರಲಿಲ್ಲ. ಇನ್ನೊಂದು ಹೆಗಲು ಬೇಕು ಎಂದು ಉದ್ದನೆಯವನು ಮ್ಯಾನೇಜರನ ಕಡೆ ನೋಡಿದ. ಮ್ಯಾನೇಜರ್ ತನ್ನ ಷೂ ನೋಡಿಕೊಂಡ.

ಅವಳೇ ನಾಲ್ಕನೆಯ ಮೂಲೆಗೆ ಹೋಗಿ ಹೆಗಲು ಕೊಟ್ಟಳು. ಯಜಮಾನರು ಬದುಕಿದ್ದಾಗ ಇಷ್ಟು ಭಾರ ಇರಲಿಲ್ಲ. ಉದ್ದನೆಯವನು ಮುಂದೆ, ಅವಳು ಹಿಂದೆ. ಹಲಗೆ ಅವಳ ಕಡೆಗೇ ವಾಲುತ್ತಿತ್ತು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಚೀಲದಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ನಿಲ್ಲಿಸಲಾ ಅತ್ತಿಗೆ ಎಂದು ಉದ್ದನೆಯವನು ಕೇಳಿದ. ಬೇಡ, ನಡಿ ಎಂದಳು. ಒಂದು ಕೈಯಲ್ಲಿ ಹಲಗೆ ಹಿಡಿದೇ ಇನ್ನೊಂದು ಕೈಯಲ್ಲಿ ಫೋನು ಕಿವಿಗಿಟ್ಟಳು. ಆ ಕಡೆಯವರು ಬಾಯಿ ತೆರೆಯುವ ಮೊದಲೇ ಕೇಳಿದಳು:

“ಎಲ್ಲಿದೀರಿ?”

ಮುಂದೆ ಉದ್ದನೆಯವನ ಬಿಡುವಾಗಿದ್ದ ಕೈ ಪ್ಯಾಂಟಿನ ಜೇಬಿಗೆ ಇಳಿದು, ತನ್ನ ಗಾಡಿಯ ಕೀ ಹುಡುಕತೊಡಗಿತು.