ಅಕ್ಕ ಹೊಲಿದ ಮುನ್ನೂರು ಲಂಗ

ನಮ್ಮ ದೇಶದಲ್ಲಿ ನಡೆಯುವ ಕ್ರೀಡಾಕೂಟದ ಉದ್ಘಾಟನೆಗೆ ಕುಣಿಯುವವರಿಗೆಂದು ನಮ್ಮ ಹೊಲಿಗೆ ಅಂಗಡಿಗೆ ಮುನ್ನೂರು ಲಂಗಗಳ ಕೆಲಸ ಬಂದಿತ್ತು. ಒಂದೊಂದಕ್ಕೂ ಕೆಂಪು ದಾರದ ನಲವತ್ತು ಹೂ. ಅಷ್ಟನ್ನೂ ಕೈಯಲ್ಲೇ ಹಾಕಿದವಳು ನಮ್ಮಕ್ಕ. ಅವಳ ಕಣ್ಣು ಮೊದಲೇ ಮಂಜಾಗಿತ್ತು. ಡಾಕ್ಟರು ಬೇಡವೆಂದರೂ ಕೇಳಲಿಲ್ಲ. “ಲೋಕವೆಲ್ಲ ನೋಡೋ ಲಂಗ ಕಣೇ” ಎಂದಳು. ಏಳು ತಿಂಗಳು ಕಳೆಯುವಷ್ಟರಲ್ಲಿ ಅವಳ ಸೂಜಿಗೆ ದಾರ ಪೋಣಿಸಲು ತಂಗಿ ನಾನೇ ಬೇಕಾಯಿತು.

ಉದ್ಘಾಟನೆಯ ಸಂಜೆ ಪಕ್ಕದ ಮನೆಯ ದೊಡ್ಡ ಟಿವಿಯ ಮುಂದೆ ಓಣಿಗೆ ಓಣಿಯೇ ನೆರೆದಿತ್ತು. ಅಕ್ಕ ಮೂಗು ತಾಗುವಷ್ಟು ಹತ್ತಿರ ಕೂತಿದ್ದಳು. ಕುಣಿಯುವವರು ಬಂದದ್ದೇ ತಡ, ಕ್ರೀಡಾಂಗಣದ ದೀಪಗಳೆಲ್ಲ ಆರಿದವು. ಯಾವ ಪುಣ್ಯಾತ್ಮನ ತಲೆಗೆ ಹೊಳೆದಿತ್ತೋ, ಅವರ ಕೈಗೆ ಪುಟ್ಟ ದೀಪಗಳನ್ನು ಕೊಟ್ಟು ಕತ್ತಲಲ್ಲೇ ಕುಣಿಸಿದ. ಲಂಗದ ಮಾತಿರಲಿ, ಒಬ್ಬರ ಮುಖವೂ ಕಾಣಲಿಲ್ಲ.

“ಅಬ್ಬಾ, ಕಣ್ಣಿಗೆ ಹಬ್ಬ!” ಎಂದರು ಹಿಂದೆ ಕೂತಿದ್ದ ಮೇಷ್ಟ್ರು.

“ದೇಶದ ಮಾನ ಉಳೀತು ಬಿಡಿ” ಎಂದ ಮನೆ ಯಜಮಾನ. ಎಲ್ಲರೂ ಚಪ್ಪಾಳೆ ತಟ್ಟಿದರು. ಇವರ ಬಾಯಿಗೆ ಮಣ್ಣು ಹಾಕ, ಎಂದುಕೊಂಡೆ.

ಅಕ್ಕ ನನ್ನ ಕೈ ಹಿಡಿದಳು. “ನಂಗೆ ಬರೀ ಕತ್ತಲೆ, ಅಲ್ಲಲ್ಲಿ ಚುಕ್ಕಿ. ನಿಂಗೆ ಹೂ ಕಾಣ್ತಿದ್ಯೇನೇ?”

ಲೈಟೇ ಆರಿಸಿದ್ದಾರೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ಒಂದೊಂದು ಹೂವೂ ಕಾಣ್ತಿದೆ ಅಕ್ಕಾ.”

“ಹಾಗಾದ್ರೆ ಹೋಗಿರೋದು ನನ್ನ ಕಣ್ಣೇ. ಸದ್ಯ!” ಎಂದು ಅಕ್ಕ ತಾನೂ ಚಪ್ಪಾಳೆ ತಟ್ಟಿದಳು.