ಎಡಗಾಲು

ವುಕಾಶಿನ್‌ನ ಮೊಣಕಾಲು ಕೆಟ್ಟಿದೆ ಎಂಬ ಗುಟ್ಟನ್ನು ಹೊರಗೆ ಬಿಟ್ಟವನು ರಾದೊಮಿರ್ ಅಲ್ಲದೆ ಇನ್ಯಾರಿರಬಹುದು? ತಂಡದಲ್ಲಿ ಅದು ಗೊತ್ತಿದ್ದದ್ದು ಪ್ರವಾಸಗಳಲ್ಲಿ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಅವನೊಬ್ಬನಿಗೆ. ಮರುವಾರವೇ ಬ್ಯಾಸ್ಕೆಟ್‌ಬಾಲ್ ಕ್ಲಬ್ಬು ವುಕಾಶಿನ್‌ನನ್ನು ಕೈಬಿಟ್ಟಿತು. ಅವನ ಜಾಗದಲ್ಲಿ ರಾದೊಮಿರನ ತಮ್ಮ ಆಡಿದ.

ಅದಾಗಿ ಇಪ್ಪತ್ತೆರಡು ವರ್ಷ. ಇಂದು ಚಾಚಕ್ ಊರಿನ ವುಕಾಶಿನ್‌ನ ಮನೆಯಲ್ಲಿ ಕುಲಸಂತನ ಹಬ್ಬ. ಈ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಹಿಂದಕ್ಕೆ ಕಳಿಸುವುದೂ ಇಲ್ಲ. ಯಜಮಾನ ಮಾತ್ರ ಕೂರದೆ ದಿನವಿಡೀ ನಿಂತೇ ಬಡಿಸಬೇಕು. ರಾದೊಮಿರ್ ಪ್ರತಿವರ್ಷದಂತೆ ಬಂದಿದ್ದ.

“ಕೂತ್ಕೊಳೋ ಉದ್ದಪ್ಪ. ಆ ಎಡಗಾಲಲ್ಲಿ ಎಷ್ಟೊತ್ತು ನಿಲ್ತೀಯಾ?”

“ಎಡಗಾಲು ಅಂತ ಚೆನ್ನಾಗಿ ನೆನಪಿದೆ ನಿಂಗೆ.”

ರಾದೊಮಿರನ ಚಮಚ ಸೂಪಿನಲ್ಲೇ ನಿಂತಿತು. ವುಕಾಶಿನ್‌ನ ಹೆಂಡತಿ ಸ್ತಾಮೆಂಕಾ ಅಡುಗೆಮನೆಯಿಂದ ಕೂಗಿದಳು: “ಹಬ್ಬದ ದಿನ ಶುರು ಮಾಡ್ಬೇಡಿ ನೀವಿಬ್ರೂ!”

“ಮುಂದಿನ ವರ್ಷ ನಾನು ಬರೋದಿಲ್ಲ ಕಣೋ,” ರಾದೊಮಿರ್ ತಟ್ಟೆ ನೋಡುತ್ತಲೇ ಹೇಳಿದ. “ಮಗಳ ಜೊತೆ ಇರೋಕೆ ನೀಶ್‌ಗೆ ಹೋಗ್ತಿದೀನಿ. ಏನಾದ್ರೂ ಕೇಳೋದಿದ್ರೆ ಈಗ್ಲೇ ಕೇಳ್ಬಿಡು.”

ವುಕಾಶಿನ್‌ನ ಕಾಲು ನಡುಗುತ್ತಿತ್ತು. ಅವನು ಮೇಜಿನ ಅಂಚು ಹಿಡಿದು ಗೆಳೆಯನ ಲೋಟಕ್ಕೆ ಪ್ಲಮ್ ಹಣ್ಣಿನ ಮದ್ಯ ಸುರಿದ.

“ಇನ್ನೊಂದು ತುಂಡು ಮಾಂಸ ಹಾಕ್ಲಾ?”

ಗುಟ್ಟನ್ನು ಹೇಳಿದ್ದು ನೀನೇನಾ ಎಂದು ಅವನು ರಾದೊಮಿರನನ್ನು ಎಂದೂ ಕೇಳಲಿಲ್ಲ.