ಇಳಿಯದ ಬೀನ್ಸ್ ಭರಣಿ

ಕಳ್ಳತನವಾದರೆ ಭರಣಿ ಇಳಿಯಬೇಕು. ಇದು ಇಳಿಯುತ್ತಲೇ ಇರಲಿಲ್ಲ. ಅದೇ ಸೊಸೆಯ ತಲೆನೋವು.

ತರಕಾರಿ ಅಗ್ಗವಾಗಿದ್ದಾಗ ಬೀನ್ಸನ್ನು ಓರೆಯಾಗಿ ಹೆಚ್ಚಿ, ಒಂದು ಕುದಿ ಬರಿಸಿ, ಮಹಡಿಯ ಮೇಲೆ ಬಿಳಿ ಬಟ್ಟೆ ಹಾಸಿ, ಗಲಗಲ ಎನ್ನುವವರೆಗೆ ಒಣಗಿಸಿ ಗಾಜಿನ ಭರಣಿಗೆ ತುಂಬಿದ್ದಳು. ಅದಕ್ಕೆ ಒದ್ದೆ ಕೈ ಸೋಕಿಸುವಂತಿಲ್ಲ, ಒದ್ದೆ ಚಮಚದ ಮಾತಂತೂ ಎತ್ತಲೇಬೇಡಿ. ದಿನಾ ಒಂದು ಹಿಡಿ ತೆಗೆದು ಬಿಸಿನೀರಿನಲ್ಲಿ ನೆನೆಸಿದರೆ ಮುರುಟಿದ ಚೂರುಗಳು ಉಬ್ಬಿ ಹಸಿರಾಗುತ್ತಿದ್ದವು. ನೆನೆಸಿದ ನೀರನ್ನೂ ಚೆಲ್ಲದೆ ಸೂಪಿಗೆ ಹಾಕುವ ಜಾಣೆ ಅವಳು.

ಈಚೆಗೆ ಮಾತ್ರ ಏನೋ ಎಡವಟ್ಟು. ಹಿಡಿ ಹಿಡಿ ತೆಗೆದರೂ ಭರಣಿ ಕುತ್ತಿಗೆಯ ಹತ್ತಿರವೇ ನಿಂತಿತ್ತು. ನೆನೆಸಿದರೆ ಅರ್ಧ ಉಬ್ಬುತ್ತಿತ್ತು, ಉಳಿದರ್ಧ ಎಷ್ಟು ಹೊತ್ತಾದರೂ ಚಪ್ಪಲಿಯ ಚರ್ಮದ ಹಾಗೇ ಇರುತ್ತಿತ್ತು. ಗಂಡ ಒಂದು ಚೂರನ್ನು ಜಗಿದು ಜಗಿದು ತಟ್ಟೆಯಂಚಿಗೆ ಹಾಕಿ, "ಏನೇ ಇದು, ಹಲ್ಲು ಕಿತ್ಕೊಂಡು ಬರತ್ತೆ" ಎಂದ. ಅವಳಿಗೆ ಅಷ್ಟು ಸಾಕಾಯಿತು. ಭರಣಿಯಿಂದ ಒಂದು ಒಣ ಚೂರು ತೆಗೆದು ನಾಲಿಗೆಗೆ ಇಟ್ಟು ನೋಡಿದಳು. ಉಪ್ಪು! ಒಣಗಿಸುವಾಗ ಒಂದು ಹರಳು ಉಪ್ಪೂ ಮುಟ್ಟಿಸದ ಬೀನ್ಸಿಗೆ ಉಪ್ಪು ಎಲ್ಲಿಂದ ಬಂತು? ಯಾರೋ ಏನೋ ಬೆರೆಸುತ್ತಿದ್ದಾರೆ.

ಮನೆಯಲ್ಲಿರುವವರೇ ಮೂರು ಜನ. ಗಂಡನಿಗೆ ಭರಣಿ ಎಲ್ಲಿದೆ ಎಂಬುದೇ ಗೊತ್ತಿಲ್ಲ. ಉಳಿದವರು ಅತ್ತೆ.

ಅತ್ತೆ ದೊಡ್ಡ ಮಗನ ಮನೆಯಿಂದ ಬಂದು ಕೆಲವು ತಿಂಗಳಾಗಿತ್ತು. ಮಂಡಿನೋವೆಂದು ಊಟ ಅವರ ಕೋಣೆಗೇ ಹೋಗುತ್ತಿತ್ತು. ತಟ್ಟೆ ತೊಳೆದಿಟ್ಟಂತೆ ಖಾಲಿಯಾಗಿ ಬರುತ್ತಿತ್ತು. ಆದರೂ ಮುದುಕಿ ಕಡ್ಡಿಯಾಗುತ್ತಲೇ ಇದ್ದರು. ತಿಂದದ್ದು ಮೈಗೆ ಹತ್ತದ ಜೀವ ಎಂದುಕೊಂಡು, ಸೂಪಿನ ಬೀನ್ಸಿನಲ್ಲಿ ಹೆಚ್ಚು ಪಾಲು ಅವರಿಗೇ ಬಡಿಸುತ್ತಿದ್ದಳು ಸೊಸೆ.

ತನ್ನ ಕೈಗುಣಕ್ಕೆ ಮಸಿ ಬಳಿದು, ಮಗನ ಮುಂದೆ ಸೊಸೆ ಹಗುರಾಗಲಿ ಎಂದು ಹೂಡಿದ ಆಟವೇ ಇದು? ಅನುಮಾನ ಹೊಕ್ಕ ಮೇಲೆ ಅತ್ತೆಯ ನಗುವೂ ಬೇರೆಯಾಗಿ ಕಂಡಿತು. "ಬೀನ್ಸ್ ಭರಣಿಗೆ ಯಾರಾದ್ರೂ ಕೈ ಹಾಕಿದ್ರಾ?" ಎಂದು ಗಾಳಿಗೆ ಕೇಳಿದಂತೆ ಕೇಳಿದಳು. ಅತ್ತೆ ಥಟ್ಟನೆ, "ನಾನು ಅಡುಗೆಮನೆ ಕಡೆ ಬರೋದೇ ಇಲ್ಲಮ್ಮ" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು!

ಅಂದೇ ಗಂಡನಿಗೆ ಕಡ್ಡಿ ಮುರಿದಂತೆ ಹೇಳಿದಳು. "ನೋಡ್ರೀ, ನಾನು ಕಣ್ಣಾರೆ ನೋಡಿ ಹಿಡಿದ್ರೆ, ಈ ಭಾನುವಾರವೇ ನಿಮ್ಮಮ್ಮ ನಿಮ್ಮಣ್ಣನ ಮನೆಗೆ ವಾಪಸ್."

"ಮೊದಲು ಹಿಡಿ, ಆಮೇಲೆ ನೋಡೋಣ" ಎಂದು ಅವನು ಜಾರಿಕೊಂಡ.

ಮರುದಿನ ಅಂಗಡಿಗೆ ಹೋಗುತ್ತೇನೆಂದು ಜೋರಾಗಿ ಹೇಳಿ, ಮುಂಬಾಗಿಲನ್ನು ದಢಾರನೆ ಮುಚ್ಚಿ, ಹಿಂಬಾಗಿಲಿನಿಂದ ಒಳಬಂದು ಉಗ್ರಾಣದಲ್ಲಿ ಉಸಿರು ಬಿಗಿಹಿಡಿದು ನಿಂತಳು. ಮೈಯೆಲ್ಲ ಕಣ್ಣು. ಸ್ವಲ್ಪ ಹೊತ್ತಿಗೆ ಅತ್ತೆ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಕರವಸ್ತ್ರದ ಗಂಟು ಬಿಚ್ಚಿ, ಭರಣಿಯ ಮುಚ್ಚಳ ತಿರುಗಿಸಿ, ಗಂಟಿನಲ್ಲಿದ್ದುದನ್ನು ಸುರಿಯತೊಡಗಿದರು.

"ಸಿಕ್ಕಿಬಿದ್ರಲ್ಲ ಅತ್ತೆ!"

ಕರವಸ್ತ್ರ ಜಾರಿ ಒಂದಷ್ಟು ಚೂರು ನೆಲಕ್ಕೆ ಬಿತ್ತು. ಸೊಸೆ ಎತ್ತಿ ನೋಡಿದಳು. ಅವಳೇ ಹೆಚ್ಚಿದ ಓರೆ ಚೂರುಗಳು. ಒಮ್ಮೆ ಬೆಂದು ಮತ್ತೆ ಒಣಗಿದ್ದವು. ಉಪ್ಪು ಅವಳ ಸೂಪಿನದೇ.

"ಇದು ನಿಮಗೆ ಬಡಿಸಿದ್ದಲ್ವಾ?"

"ಬಾಯಿಗೆ ಇಟ್ಟಿದ್ದಲ್ಲ ಕಣಮ್ಮ. ತಟ್ಟೆ ಬಂದ ಕೂಡಲೇ ಆರಿಸಿ ಕಿಟಕೀಲಿ ಒಣಗಿಸ್ತೀನಿ. ಸೂಪಿನ ತಿಳಿ ಕುಡೀತೀನಲ್ಲ, ಅದೇ ಸಾಕು ನಂಗೆ."

"ಯಾಕೆ ಅತ್ತೆ?"

"ಕೂತು ತಿನ್ನೋಳಿಗೆ ಅಷ್ಟೆಲ್ಲ ಯಾಕೆ? ಭರಣಿ ತಳ ಕಂಡ್ರೆ ಮನೆಯವರು ತಿನ್ನೋ ಬಾಯಿ ಎಣಿಸ್ತಾರೆ."

ಸೊಸೆ ಅತ್ತೆಯ ಮಣಿಕಟ್ಟು ಹಿಡಿದಳು. ಮೂಳೆ ಬಿಟ್ಟು ಬೇರೇನೂ ಕೈಗೆ ಸಿಗಲಿಲ್ಲ. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಅಲ್ಲಿಗೆ ಮಾತ್ರ ವಾಪಸ್ ಕಳಿಸ್ಬೇಡ ಕಣಮ್ಮ" ಎಂದರು ಅತ್ತೆ. "ದೊಡ್ಡವನ ಮನೇಲಿ ವರ್ಷಗಟ್ಟಲೆ ಹೀಗೇ ಮಾಡ್ದೆ. ಒಬ್ಬರೂ ನೋಡ್ಲಿಲ್ಲ."

"ಇನ್ಮೇಲೆ ಕೋಣೆಗೆ ಊಟ ಬರಲ್ಲ" ಎಂದು ಸೊಸೆ ಗದರಿದಳು. "ಇಲ್ಲೇ, ನನ್ನ ಎದುರಿಗೆ ಕೂತು ತಿನ್ಬೇಕು. ನಾನು ನೋಡ್ತಾ ಇರ್ತೀನಿ."